ಗೃಹವಿಚಾರ: ಚಿತ್ರವುಂಟು, ಧ್ವನಿಯಿಲ್ಲ

ಮನೆಯ ಸಮಾರಂಭಗಳನ್ನು ಮನೆಯವರೇ ಚಿತ್ರಿಸಿ, ಮನೆಯಲ್ಲಿಯೇ ಕುಳಿತು ಜೋಡಿಸುವ ಪದ್ಧತಿಯು ಈಚೆಗೆ ನಮ್ಮಲ್ಲಿ ಬಲವಾಗಿ ನೆಲೆಯೂರಿದೆ. ಪೇಟೆಯ ಸ್ಟುಡಿಯೋದವರು ಮದುವೆಗೆ ಈಗಲೂ ಬರುವರು; ಆದರೆ ತೊಟ್ಟಿಲು, ಕುಬಸ, ಹುಟ್ಟುಹಬ್ಬ, ಊರ ಜಾತ್ರೆ ಇವೆಲ್ಲವೂ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮನೆಗಳಲ್ಲಿ ಮೊಬೈಲಿಗೇ ಒಪ್ಪಿಸಿಬಿಟ್ಟ ಕೆಲಸಗಳಾಗಿವೆ. ಸಮಾರಂಭವು ಮುಗಿದ ಮೇಲೆ ಮಗಳೋ ಸೊಸೆಯೋ ಕಂಪ್ಯೂಟರಿನ ಮುಂದೆ ಕುಳಿತು, ಬೇಡದ ಭಾಗವನ್ನು ಕತ್ತರಿಸಿ, ಬೇಕಾದುದನ್ನು ಸಾಲಾಗಿ ಜೋಡಿಸಿ, ಹಿರಿಯರ ಹಾಡೊಂದನ್ನು ಹಿನ್ನೆಲೆಗೆ ಸೇರಿಸಿ, ದೂರದ ಬಂಧುಗಳಿಗೆ ಕಳುಹಿಸುವಳು. ಈ ಕೆಲಸದ ನಡುವೆ ಒಮ್ಮಿಂದೊಮ್ಮೆಗೆ ಕೈತಡೆಯುವ ವಿಘ್ನವೊಂದುಂಟು. ಚಿತ್ರವು ಸೊಗಸಾಗಿ ಓಡುತ್ತಿರುವುದು, ತುಟಿಗಳು ಆಡುತ್ತಿರುವುವು, ಧ್ವನಿ ಮಾತ್ರ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುವುದು.

ಇದು ಅಷ್ಟೇನೂ ದೊಡ್ಡ ಸಂಗತಿಯಲ್ಲವೆಂದು ಕೆಲವರು ಹೇಳಬಹುದು. ವಿಚಾರ ಮಾಡಿ ನೋಡಿದರೆ ಹಾಗಲ್ಲ. ಒಬ್ಬ ಅಜ್ಜಿಯ ಭಾವಚಿತ್ರಗಳು ಮನೆಯಲ್ಲಿ ಹತ್ತಾರು ಇರಬಹುದು. ಆಕೆ ಹಾಡಿದ ಸೋಬಾನೆಯ ಪದವು ಒಂದೇ ಒಂದು ಫೈಲಿನಲ್ಲಿ ಉಳಿದಿರುವ ಸಂಭವವೇ ಹೆಚ್ಚು. ಆ ಫೈಲು ಸಂಕಲನದ ತಂತ್ರಾಂಶಕ್ಕೆ ಹತ್ತಲಿಲ್ಲವೆಂದು, ‘ಇದು ಕೆಟ್ಟುಹೋಗಿದೆ’ ಎಂದು ತೀರ್ಮಾನಿಸಿ, ಮೊಬೈಲಿನಲ್ಲಿ ಸ್ಥಳವಾಗಲೆಂದು ಅಳಿಸಿಬಿಟ್ಟರೆ, ಅದನ್ನು ಮತ್ತೆ ಹಾಡಿಸಲು ಅಜ್ಜಿಯು ಎಲ್ಲಿ ಸಿಗುವಳು? ಆದಕಾರಣ ಈ ತಿಂಗಳ ಗೃಹವಿಚಾರವನ್ನು ಈ ಒಂದು ವಿಷಯಕ್ಕೇ ಮೀಸಲಾಗಿಟ್ಟಿದೆ. ಹೇಳಬೇಕಾದ ಮುಖ್ಯ ಮಾತನ್ನು ಮೊದಲಲ್ಲಿಯೇ ಹೇಳಿಬಿಡುವುದು ಲೇಸು: ಕೇಳದ ಧ್ವನಿಯೆಲ್ಲ ಹೋದ ಧ್ವನಿಯಲ್ಲ. ಬಹುತೇಕ ಪ್ರಸಂಗಗಳಲ್ಲಿ ಧ್ವನಿಯು ಫೈಲಿನೊಳಗೆ ಸುರಕ್ಷಿತವಾಗಿಯೇ ಇರುವುದು. ಅದನ್ನು ಓದಬಲ್ಲವನು ಎದುರಿಗಿಲ್ಲ, ಅಷ್ಟೆ.

ಈ ಮಾತಿಗೆ ಮಸ್ಕಿಯ ಬಂಡೆಗಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ. ಮಸ್ಕಿಯ ಬೆಟ್ಟದಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ಕೊರೆದದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ. ಅದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕಾಲಕ್ರಮದಲ್ಲಿ ಆ ಲಿಪಿಯನ್ನು ಬಲ್ಲವರೇ ಇಲ್ಲದಂತಾದರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮಿಯನ್ನು ಓದುವ ದಾರಿಯನ್ನು ಕಂಡುಹಿಡಿದನು. ೧೯೧೫ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಮಸ್ಕಿಯ ಶಾಸನವನ್ನು ಬೆಳಕಿಗೆ ತಂದರು. ಉಳಿದ ಬಹುತೇಕ ಕಡೆಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದಲೇ ಮಾತನಾಡುತ್ತಿದ್ದ ಅರಸನು ಇಲ್ಲಿ ‘ಅಶೋಕ’ನೆಂಬ ತನ್ನ ಹೆಸರನ್ನೇ ಹೇಳಿಕೊಂಡಿದ್ದನು. ನಡುವಣ ಶತಮಾನಗಳಲ್ಲಿ ಅಕ್ಷರಗಳು ಎಲ್ಲಿಗೂ ಹೋಗಿರಲಿಲ್ಲ, ಓದುವವರು ಇರಲಿಲ್ಲ. ‘ಅರ್ಥವಾಗದ ಗೀರುಗಳು’ ಎಂದು ಯಾರಾದರೂ ಆ ಬಂಡೆಯನ್ನು ಒಡೆದು ಗೋಡೆಗೆ ಹಾಕಿಕೊಂಡಿದ್ದರೆ ಆ ಹೆಸರು ಅಲ್ಲಿಗೇ ಮಣ್ಣುಗೂಡುತ್ತಿತ್ತು. ನಮ್ಮ ಮನೆಯ ಫೈಲುಗಳ ಅವಸ್ಥೆಯೂ ಹೀಗೆಯೇ. ಆದುದರಿಂದ ಮೊದಲನೆಯ ನಿಯಮವಿದು: ದೋಷವೇನೆಂದು ತಿಳಿಯುವ ವರೆಗೂ ಮೂಲ ಫೈಲನ್ನು ಅಳಿಸಕೂಡದು, ತಿದ್ದಕೂಡದು. ಅದರ ಪ್ರತಿಯೊಂದನ್ನು ಮಾಡಿಕೊಂಡು, ಪ್ರಯೋಗಗಳನ್ನೆಲ್ಲ ಆ ಪ್ರತಿಯ ಮೇಲೆಯೇ ನಡೆಯಿಸತಕ್ಕದ್ದು.

ಇನ್ನು, ಯಂತ್ರದಲ್ಲಿ ಧ್ವನಿಯು ಉಳಿಯುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು. ಧ್ವನಿಯೆಂದರೆ ಗಾಳಿಯ ಅಲೆ. ಯಂತ್ರವು ಈ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಅಳತೆಗಳನ್ನು ಅಂಕೆಗಳಾಗಿ ಬರೆದಿಡುವುದು. ಸಂಗೀತದ ಸಿ.ಡಿ.ಯಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳು; ಚಲಚ್ಚಿತ್ರದ ಧ್ವನಿಯಲ್ಲಿ ರೂಢಿಯಾಗಿ ೪೮,೦೦೦. ಇಷ್ಟು ಅಂಕೆಗಳನ್ನು ಇದ್ದಂತೆಯೇ ಇಟ್ಟರೆ ಬಹಳ ಸ್ಥಳ ಹಿಡಿಯುವುದೆಂದು, ಹಲವು ಬಗೆಯಾಗಿ ಮಡಿಚಿ ಇಡುವರು. ಒಂದೇ ಸೀರೆಯನ್ನು ಒಬ್ಬಳು ನಾಲ್ಕು ಮಡಿಕೆ ಮಾಡಿದರೆ ಮತ್ತೊಬ್ಬಳು ಸುರುಳಿ ಸುತ್ತುವುದಿಲ್ಲವೇ? ಹೀಗೆ ಮಡಿಚುವ ಮತ್ತು ಬಿಚ್ಚುವ ರೀತಿಗೆ ಕೋಡೆಕ್ ಎಂದು ಹೆಸರು. ಮಡಿಚಿದ ಧ್ವನಿಯನ್ನೂ ಚಿತ್ರವನ್ನೂ ಕೂಡಿಸಿ ಇಡುವ ಪೆಟ್ಟಿಗೆಯು ಬೇರೆ. ಎಂ.ಪಿ.೪, ಎಂ.ಓ.ವಿ., ಎ.ವಿ.ಐ. ಎಂದು ಫೈಲಿನ ಹೆಸರಿನ ಕೊನೆಯಲ್ಲಿ ಕಾಣುವುದು ಈ ಪೆಟ್ಟಿಗೆಯ ಹೆಸರೇ ಹೊರತು ಒಳಗಿನ ಮಡಿಕೆಯ ಹೆಸರಲ್ಲ. ಎಂ.ಪಿ.೪ ಪೆಟ್ಟಿಗೆಗಳು ಎರಡು ಮೇಲುನೋಟಕ್ಕೆ ಒಂದೇ ತೆರನಾಗಿದ್ದು, ಒಂದರ ಧ್ವನಿಯನ್ನು ತಂತ್ರಾಂಶವು ಬಿಚ್ಚಬಲ್ಲುದು, ಇನ್ನೊಂದರದನ್ನು ಬಿಚ್ಚಲಾರದು. ಚಿತ್ರವು ಕಂಡು ಧ್ವನಿಯು ಕೇಳದಿರುವುದಕ್ಕೆ ಇದೇ ಬಹಳ ಸಾಮಾನ್ಯವಾದ ಕಾರಣ.

ಕೆಲವರು ಫೈಲಿನ ಹೆಸರಿನ ಕೊನೆಯನ್ನು ತಿದ್ದಿ, ಇದ್ದುದನ್ನು ಎಂ.ಪಿ.೩ ಎಂದು ಬರೆದು, ಈಗ ಹಾಡಬೇಕೆಂದು ಕಾಯುವರು. ಜೋಳದ ಡಬ್ಬಿಯ ಮೇಲೆ ಸಕ್ಕರೆಯೆಂದು ಚೀಟಿ ಅಂಟಿಸಿದರೆ ಜೋಳವು ಸಿಹಿಯಾದೀತೆ? ಚೀಟಿಯನ್ನು ಬದಲಿಸುವುದು ಬೇರೆ, ಒಳಗಿನದನ್ನು ಪರಿವರ್ತಿಸುವುದು ಬೇರೆ.

ದೋಷವನ್ನು ಹುಡುಕುವ ಕ್ರಮವನ್ನು ಸಿಂಧನೂರಿನ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬತ್ತ ಬೆಳೆಯುವ ಸೀಮೆ ಅದು. ಕಾಲುವೆಯ ಕೊನೆಯ ಭಾಗದ ಗದ್ದೆಗೆ ನೀರು ಬಾರದಿದ್ದರೆ, ಜಲಾಶಯವೇ ಬತ್ತಿತೆಂದು ಯಾರೂ ಕೈಕಟ್ಟಿ ಕುಳ್ಳಿರುವುದಿಲ್ಲ. ಮುಖ್ಯ ಕಾಲುವೆಯಲ್ಲಿ ನೀರಿದೆಯೇ, ಉಪಕಾಲುವೆಗೆ ಬಿಟ್ಟಿದ್ದಾರೆಯೇ, ತೂಬು ತೆರೆದಿದೆಯೇ, ಹೊಲಗಾಲುವೆಯಲ್ಲಿ ಕಸ ಕಟ್ಟಿದೆಯೇ ಎಂದು ಒಂದೊಂದನ್ನೇ ನೋಡುತ್ತ ಬರುವರು. ಧ್ವನಿಯ ವಿಚಾರದಲ್ಲಿಯೂ ಹೀಗೆಯೇ ಮೂಲದಿಂದ ಕೆಳಮುಖವಾಗಿ ಬರತಕ್ಕದ್ದು.

ಮೊದಲು ಫೈಲನ್ನು ಸಂಕಲನದ ತಂತ್ರಾಂಶದಲ್ಲಿ ಅಲ್ಲ, ಬೇರೊಂದು ವಾದಕದಲ್ಲಿ ತೆರೆದು ಕೇಳಬೇಕು. ಇದಕ್ಕೆ ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶವು ಬಹಳ ಅನುಕೂಲವಾದುದು. ಬಗೆಬಗೆಯ ಮಡಿಕೆಗಳನ್ನೆಲ್ಲ ಬಿಚ್ಚಿ ಓದುವ ಶಕ್ತಿಯು ಅದಕ್ಕುಂಟು. ಅಲ್ಲಿ ಧ್ವನಿಯು ಕೇಳಿಸಿತೆಂದರೆ ಮೂಲದಲ್ಲಿ ನೀರಿದೆಯೆಂದು ತಿಳಿದು ಧೈರ್ಯವಾಗಿರಬಹುದು. ಅದರ ‘ಟೂಲ್ಸ್’ ಎಂಬ ಪಟ್ಟಿಯಲ್ಲಿ ‘ಕೋಡೆಕ್ ಇನ್ಫರ್ಮೇಶನ್’ ಎಂಬುದನ್ನು ಒತ್ತಿದರೆ ಧ್ವನಿಯ ಕೋಡೆಕ್ ಯಾವುದು, ಸೆಕೆಂಡಿಗೆ ಎಷ್ಟು ಅಳತೆಗಳು ಎಂಬುದು ತೋರುವುದು. ಇದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿರಿ.

ಎರಡನೆಯದಾಗಿ, ಕಂಪ್ಯೂಟರು ಧ್ವನಿಯನ್ನು ಎಲ್ಲಿಗೆ ಕಳುಹಿಸುತ್ತಿದೆಯೆಂದು ನೋಡಬೇಕು. ಪಕ್ಕದ ಕೋಣೆಯಲ್ಲಿರುವ ಬ್ಲೂಟೂತ್ ಪೆಟ್ಟಿಗೆಗೆ ಧ್ವನಿಯು ಹೋಗುತ್ತಿದ್ದು, ಇಲ್ಲಿ ಕುಳಿತವರು ಫೈಲನ್ನು ದೂಷಿಸುತ್ತಿರುವ ವಿನೋದವೂ ನಡೆಯುವುದುಂಟು. ಮೂರನೆಯದಾಗಿ, ಸಂಕಲನದ ಸಾಲಿನಲ್ಲಿ ಧ್ವನಿಯ ಪಟ್ಟಿಯನ್ನು ಯಾರಾದರೂ ಮೂಕಗೊಳಿಸಿರುವರೇ, ಅಥವಾ ಬೇರೊಂದು ಪಟ್ಟಿಯನ್ನು ಮಾತ್ರ ಕೇಳುವಂತೆ ಗುರುತು ಮಾಡಿರುವರೇ ಎಂದು ಪರೀಕ್ಷಿಸಬೇಕು. ಇವು ತೂಬು ತೆರೆಯುವಷ್ಟು ಸಣ್ಣ ಕೆಲಸಗಳು. ಆದರೆ ಇವನ್ನು ಬಿಟ್ಟು ದೊಡ್ಡ ಚಿಕಿತ್ಸೆಗೆ ಕೈಹಾಕುವುದು ವ್ಯರ್ಥ.

ನಾಲ್ಕನೆಯದು ಬಹು ಜನರನ್ನು ಕಂಗೆಡಿಸುವ ಸಂಗತಿ. ನಿನ್ನೆ ಸರಿಯಾಗಿ ಕೇಳುತ್ತಿದ್ದ ಹಾಡು ಇಂದು ಇಲ್ಲ. ಅದರ ಸ್ಥಳದಲ್ಲಿ ‘ಫೈಲು ಸಿಗಲಿಲ್ಲ’ ಎಂಬರ್ಥದ ಕೆಂಪು ಗುರುತು ಕಾಣುವುದು. ಸಂಕಲನದ ತಂತ್ರಾಂಶವು ಉಳಿಸಿಕೊಳ್ಳುವ ಯೋಜನಾ ಫೈಲಿನಲ್ಲಿ ಸಾಮಾನ್ಯವಾಗಿ ಹಾಡಾಗಲಿ ಚಿತ್ರವಾಗಲಿ ಇರುವುದಿಲ್ಲ. ಅವು ಎಲ್ಲಿವೆಯೆಂಬ ವಿಳಾಸ ಮಾತ್ರ ಇರುವುದು. ಪಹಣಿಯಲ್ಲಿ ಹೊಲದ ಸರ್ವೆ ನಂಬರು ಇರುವುದೇ ಹೊರತು ಹೊಲವೇ ಇರುವುದಿಲ್ಲವಷ್ಟೆ! ಹಾಡು ಪೆನ್ ಡ್ರೈವಿನಲ್ಲಿದ್ದು ಆ ಡ್ರೈವನ್ನು ತೆಗೆದಿದ್ದರೆ, ಅಥವಾ ಫೋಲ್ಡರಿನ ಹೆಸರನ್ನು ಯಾರಾದರೂ ಬದಲಿಸಿದ್ದರೆ, ತಂತ್ರಾಂಶವು ಹಳೆಯ ವಿಳಾಸಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗುವುದು. ಫೈಲನ್ನು ಮೊದಲಿದ್ದ ಸ್ಥಳದಲ್ಲಿಯೇ ಇಟ್ಟರೆ, ಇಲ್ಲವೆ ಹೊಸ ಸ್ಥಳವನ್ನು ತೋರಿಸಿಕೊಟ್ಟರೆ, ಎಲ್ಲವೂ ಮೊದಲಿನಂತಾಗುವುದು. ಕೆಲಸ ಪ್ರಾರಂಭಿಸುವ ಮೊದಲೇ ಒಂದು ಫೋಲ್ಡರು ಮಾಡಿ, ಚಿತ್ರ, ಹಾಡು, ಯೋಜನಾ ಫೈಲು ಎಲ್ಲವನ್ನೂ ಅದರಲ್ಲಿಯೇ ಇಡುವ ಅಭ್ಯಾಸವಿದ್ದರೆ ಈ ತೊಂದರೆಯು ಬಾರದು.

ಇಷ್ಟನ್ನೂ ನೋಡಿ ಮುಗಿದ ಮೇಲೆಯೇ ಮಡಿಕೆಯ ವಿಚಾರಕ್ಕೆ ಬರಬೇಕು. ಉದಾಹರಣೆಗೆ ಸಿಂಧನೂರಿನ ಮನೆಯೊಂದನ್ನು ಊಹಿಸಿಕೊಳ್ಳೋಣ. ಮೊಮ್ಮಗಳ ಕುಬಸಕ್ಕೆ ಬರಲಾಗದ ಅಜ್ಜಿಯು ಹಳ್ಳಿಯಿಂದಲೇ ಸೋಬಾನೆಯ ಪದವೊಂದನ್ನು ಹಾಡಿ ವಾಟ್ಸಾಪಿನಲ್ಲಿ ಕಳುಹಿಸಿರುವಳು. ಮೊಬೈಲಿನಲ್ಲಿ ಪದವು ಇಂಪಾಗಿ ಕೇಳಿಸುವುದು. ಸಂಕಲನದ ತಂತ್ರಾಂಶವು ಮಾತ್ರ ಅದನ್ನು ಒಳಕ್ಕೆ ಬಿಟ್ಟುಕೊಳ್ಳಲೊಲ್ಲದು. ವಾಟ್ಸಾಪಿನ ಧ್ವನಿಸಂದೇಶಗಳು ಓಪಸ್ ಎಂಬ ಕೋಡೆಕ್ಕಿನಲ್ಲಿರುತ್ತವೆ. ಅದು ಪ್ರಮಾಣೀಕೃತವಾದದ್ದು ೨೦೧೨ರಲ್ಲಿ. ಸಂಕಲನದ ಹಲವು ತಂತ್ರಾಂಶಗಳು ಅದನ್ನು ಓದಲಾರವು. ಇದಕ್ಕೆ ತದ್ವಿರುದ್ಧವಾದ ತೊಂದರೆ ಹಳೆಯ ಗುಂಡಿಯ ಮೊಬೈಲುಗಳದು. ಅವುಗಳಲ್ಲಿ ಅನೇಕವು ಧ್ವನಿಯನ್ನು ಎ.ಎಂ.ಆರ್. ಎಂಬ ಮಡಿಕೆಯಲ್ಲಿಡುತ್ತಿದ್ದವು; ಇಂದಿನ ತಂತ್ರಾಂಶಗಳಲ್ಲಿ ಕೆಲವಕ್ಕೆ ಆ ಹಳೆಯ ಲಿಪಿ ಬಾರದು. ಮೊಬೈಲಿನ ಚಲಚ್ಚಿತ್ರಗಳ ಧ್ವನಿಯು ಸಾಮಾನ್ಯವಾಗಿ ಎ.ಎ.ಸಿ. ಎಂಬ ಮಡಿಕೆಯದು, ಇದನ್ನು ಓದುವವರು ಬಹು ಮಂದಿ. ಆದರೂ ಒಂದೇ ತಂತ್ರಾಂಶವು ವಿಂಡೋಸಿನಲ್ಲಿ ಓದಿದ್ದನ್ನು ಲಿನಕ್ಸಿನಲ್ಲಿ ಓದದಿರುವುದುಂಟು.

ಇವೆಲ್ಲಕ್ಕೂ ಮದ್ದು ಒಂದೇ. ಧ್ವನಿಯ ಪ್ರತಿಯನ್ನು ಯಾವ ಮಡಿಕೆಯೂ ಇಲ್ಲದ ವೇವ್ ಎಂಬ ರೂಪಕ್ಕೆ ಪರಿವರ್ತಿಸಿ, ಆಮೇಲೆ ಸಂಕಲನಕ್ಕೆ ಕೊಡಬೇಕು. ವೇವ್ ೧೯೯೧ರಿಂದ ಬಳಕೆಯಲ್ಲಿರುವ ಸರಳ ರೂಪ. ಸಂಕಲನದ ತಂತ್ರಾಂಶಗಳಿಗೆ ಅದು ಕೈಗೂಸಿನಷ್ಟು ಪರಿಚಿತ. ಈ ಪರಿವರ್ತನೆಗೆ ಆಡಾಸಿಟಿ ಎಂಬ ಉಚಿತ ತಂತ್ರಾಂಶವು ಸಾಕು. ಎಫ್.ಎಫ್.ಎಂಪೆಗ್ ಎಂಬ ಸಹಾಯಕ ಭಾಗವನ್ನೂ ಅದಕ್ಕೆ ಜೋಡಿಸಿಕೊಂಡರೆ ಮೇಲೆ ಹೇಳಿದ ಮಡಿಕೆಗಳನ್ನೆಲ್ಲ ಅದು ಬಿಚ್ಚುವುದು. ಫೈಲನ್ನು ಅದರಲ್ಲಿ ತೆರೆದು, ‘ಎಕ್ಸ್‌ಪೋರ್ಟ್’ ಎಂಬಲ್ಲಿ ವೇವ್ ಎಂಬುದನ್ನೂ, ೪೮,೦೦೦ ಎಂಬ ಅಳತೆಯನ್ನೂ, ೧೬ ಬಿಟ್ ಎಂಬುದನ್ನೂ ಆರಿಸಿ, ಹೊಸ ಹೆಸರಿನಿಂದ ಉಳಿಸಬೇಕು. ಮಡಿಕೆಯಿಲ್ಲದ ಕಾರಣ ವೇವ್ ಫೈಲು ಸ್ಥಳವನ್ನು ಹೆಚ್ಚು ಹಿಡಿಯುವುದು: ಎಡಬಲಗಳೆರಡೂ ಇರುವ ಧ್ವನಿಗೆ ಒಂದು ನಿಮಿಷಕ್ಕೆ ಸುಮಾರು ೧೧.೫ ಎಂ.ಬಿ., ಒಂದು ಗಂಟೆಗೆ ಸುಮಾರು ೬೯೦ ಎಂ.ಬಿ. ಇದನ್ನು ಕಂಡು ಗಾಬರಿಯಾಗಬೇಕಾದುದಿಲ್ಲ. ಸಂಕಲನವು ಮುಗಿದ ಮೇಲೆ ಈ ವೇವ್ ಪ್ರತಿಯನ್ನು ಬೇಕಾದರೆ ತೆಗೆದುಬಿಡಬಹುದು. ಅಜ್ಜಿಯು ಕಳುಹಿಸಿದ ಮೂಲವನ್ನು ಮಾತ್ರ ತೆಗೆಯಕೂಡದು.

ಎರಡನೆಯ ಬಗೆಯ ತೊಂದರೆಯಲ್ಲಿ ಧ್ವನಿಯು ಕೇಳುವುದು, ಆದರೆ ತುಟಿಗೂ ಮಾತಿಗೂ ಹೊಂದಿಕೆಯಿರುವುದಿಲ್ಲ. ಲಿಂಗಸುಗೂರಿನ ಮನೆಯೊಂದರಲ್ಲಿ ಮದುವೆಯ ಒಂದು ಗಂಟೆಯ ಚಿತ್ರವನ್ನು ಜೋಡಿಸುತ್ತಿರುವರೆಂದು ತಿಳಿಯೋಣ. ಇಲ್ಲಿ ಮೊದಲು ಮಾಡತಕ್ಕುದು ಇಷ್ಟೆ: ಚಿತ್ರದ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ವ್ಯತ್ಯಾಸವು ಎಷ್ಟಿದೆಯೆಂದು ನೋಡುವುದು. ಎರಡೂ ಕಡೆ ಒಂದೇ ಸಮನಾಗಿದ್ದರೆ ಧ್ವನಿಯನ್ನು ಅಷ್ಟು ಹಿಂದಕ್ಕೋ ಮುಂದಕ್ಕೋ ಸರಿಸಿದರೆ ತೀರಿತು. ಸರಿಸುವ ಮುನ್ನ ತಂತಿಯಿರುವ ಕಿವಿಯಂತ್ರದಲ್ಲಿ ಒಮ್ಮೆ ಕೇಳಿ ನೋಡುವುದೊಳಿತು. ಬ್ಲೂಟೂತಿನಲ್ಲಿ ಧ್ವನಿಯು ತುಸು ತಡವಾಗಿ ಮುಟ್ಟುವುದರಿಂದ, ಸರಿಯಾಗಿರುವ ಚಿತ್ರವೂ ತಪ್ಪಾಗಿ ತೋರುವುದುಂಟು.

ಆರಂಭದಲ್ಲಿ ಸರಿಯಾಗಿದ್ದು, ಹೋಗುತ್ತ ಹೋಗುತ್ತ ವ್ಯತ್ಯಾಸವು ಬೆಳೆಯುತ್ತಿದ್ದರೆ, ಅದು ಸರಿಸಿದರೆ ಹೋಗುವ ದೋಷವಲ್ಲ, ವೇಗದ ದೋಷ. ಗ್ರಾಮಫೋನಿನ ತಟ್ಟೆಯನ್ನು ಅದಕ್ಕೆ ಗೊತ್ತಾದ ವೇಗಕ್ಕಿಂತ ಮೆಲ್ಲನೆ ತಿರುಗಿಸಿದರೆ ಗಾಯಕಿಯ ಧ್ವನಿಯು ಗಡುಸಾಗಿ ಹಾಡು ಉದ್ದವಾಗುತ್ತಿತ್ತೆಂಬುದನ್ನು ಹಿರಿಯರು ಬಲ್ಲರು. ಇಲ್ಲಿಯೂ ಹಾಗೆಯೇ. ಸೆಕೆಂಡಿಗೆ ೪೮,೦೦೦ ಅಳತೆಗಳಿಂದ ಬರೆದ ಒಂದು ಗಂಟೆಯ ಧ್ವನಿಯನ್ನು ೪೪,೧೦೦ರ ಲೆಕ್ಕದಲ್ಲಿ ಓದಿದರೆ ಅದು ೬೫ ನಿಮಿಷ ೧೮ ಸೆಕೆಂಡು ನಡೆಯುವುದು, ಧ್ವನಿಯೂ ತಗ್ಗುವುದು. ೪೪,೧೦೦ರದನ್ನು ೪೮,೦೦೦ದ ಲೆಕ್ಕದಲ್ಲಿ ಓದಿದರೆ ೫೫ ನಿಮಿಷ ಸುಮಾರು ೮ ಸೆಕೆಂಡಿಗೇ ಮುಗಿದು, ಮದುಮಗಳ ಮಾತು ಗಿಳಿಯ ಮಾತಾಗುವುದು. ಧ್ವನಿಯ ಪ್ರತಿಯನ್ನು ಮೇಲೆ ಹೇಳಿದಂತೆ ೪೮,೦೦೦ಕ್ಕೆ ಪರಿವರ್ತಿಸಿ, ಯೋಜನೆಯ ಅಳತೆಯನ್ನೂ ೪೮,೦೦೦ ಎಂದೇ ಇಟ್ಟರೆ ಇದು ನೇರವಾಗುವುದು. ಕೆಲವು ಎಂ.ಪಿ.೩ ಫೈಲುಗಳಲ್ಲಿ ಮಡಿಕೆಯ ಬಿಗಿಯು ಅಲ್ಲಲ್ಲಿ ಬದಲಾಗುತ್ತಿದ್ದು, ಅವುಗಳ ಉದ್ದವನ್ನು ತಂತ್ರಾಂಶವು ತಪ್ಪಾಗಿ ಎಣಿಸುವುದುಂಟು. ಅದಕ್ಕೂ ವೇವ್ ರೂಪವೇ ಪರಿಹಾರ.

ಧ್ವನಿಯು ಗಡುಸಾಗಲಿ ಕೀಚಲಾಗಲಿ ಆಗದೆ, ಮಾತು ಮಾತ್ರ ತುಟಿಯಿಂದ ಮೆಲ್ಲಮೆಲ್ಲನೆ ದೂರವಾಗುತ್ತಿದ್ದರೆ, ದೋಷವು ಚಿತ್ರದಲ್ಲಿರಬಹುದು. ಚಿತ್ರವೆಂದರೆ ಸೆಕೆಂಡಿಗೆ ಇಂತಿಷ್ಟು ಬಿಡಿ ಚಿತ್ರಗಳ ಸಾಲು. ಮೊಬೈಲುಗಳು ಸೆಕೆಂಡಿಗೆ ೩೦ ಎಂದು ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ, ಯಂತ್ರವು ಕಾದಾಗ, ಈ ಸಂಖ್ಯೆಯನ್ನು ಏರಿಳಿಸುತ್ತಿರುತ್ತವೆ. ಸಂಕಲನದ ತಂತ್ರಾಂಶವು ಎಲ್ಲೆಡೆ ೩೦ ಎಂದೇ ಎಣಿಸಿಕೊಂಡು ಹೋದರೆ ಚಿತ್ರವೂ ಧ್ವನಿಯೂ ಅಗಲುವುವು. ಸೆಕೆಂಡಿಗೆ ೨೯.೯೭ ಇದ್ದುದನ್ನು ೩೦ ಎಂದು ಎಣಿಸಿದರೂ ಒಂದು ಗಂಟೆಯಲ್ಲಿ ಸುಮಾರು ೩.೬ ಸೆಕೆಂಡಿನ ಅಂತರವು ಬೀಳುವುದು. ಅಷ್ಟರಲ್ಲಿ ವರನು ತಾಳಿ ಕಟ್ಟಿದ ಮೇಲೆ ‘ಗಟ್ಟಿಮೇಳ’ ಎಂಬ ಕೂಗು ಕೇಳುವುದು! ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಎಂಬುದನ್ನು ಆರಿಸಿ ಚಿತ್ರದ ಪ್ರತಿಯೊಂದನ್ನು ಮಾಡಿಕೊಂಡು, ಆ ಪ್ರತಿಯನ್ನೇ ಸಂಕಲನಕ್ಕೆ ಕೊಟ್ಟರೆ ಈ ಬೇನೆಯು ವಾಸಿಯಾಗುವುದು.

ಧ್ವನಿಯನ್ನು ಬೇರೊಂದು ಮೊಬೈಲಿನಲ್ಲಿ ಹಿಡಿಯುವವರಿಗೆ ಒಂದು ಸುಲಭೋಪಾಯವುಂಟು. ಎರಡು ಯಂತ್ರಗಳನ್ನೂ ಚಾಲೂ ಮಾಡಿದೊಡನೆ, ಕ್ಯಾಮೆರಾದ ಎದುರಿಗೆ ಒಬ್ಬರು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಬೇಕು. ಮುಗಿಸುವ ಮುನ್ನವೂ ಒಮ್ಮೆ ತಟ್ಟಬೇಕು. ಕೈಗಳು ಕೂಡಿದ ಚಿತ್ರವನ್ನೂ ಶಬ್ದದ ಚೂಪಾದ ಶಿಖರವನ್ನೂ ಹೊಂದಿಸಿದರೆ ತೀರಿತು. ಗೋಡೆಯ ಎರಡು ಗಡಿಯಾರಗಳು ಒಂದೇ ಸಮನೆ ನಡೆಯದಿರುವಂತೆ ಎರಡು ಯಂತ್ರಗಳೂ ತುಸು ಹೆಚ್ಚುಕಡಿಮೆ ನಡೆಯುವುವು. ಎಷ್ಟೆಂಬುದನ್ನು ಕೊನೆಯ ಚಪ್ಪಾಳೆಯು ತಿಳಿಸಿಕೊಡುವುದು.

ಮೂರನೆಯ ಬಗೆಯದು ವಿಚಿತ್ರವಾದುದು. ಮಸ್ಕಿಯ ಮನೆಯಲ್ಲಿ ಕಂಪ್ಯೂಟರಿನಲ್ಲಿ ಕೇಳಿದಾಗ ಎಲ್ಲ ಸರಿಯಾಗಿದ್ದ ಮಾತು, ಬೆಂಗಳೂರಿನ ಮಗನು ಮೊಬೈಲಿನಲ್ಲಿ ತೆರೆದಾಗ ಮಾಯವಾಗಿರುವುದು. ಹಿನ್ನೆಲೆಯ ಹಾಡು ಮಾತ್ರ ಕೇಳುವುದು. ಇದಕ್ಕೆ ಕಾರಣವು ಎಡ ಬಲ ಧ್ವನಿಗಳ ವೈರ. ಕೊರಳಪಟ್ಟಿಗೆ ಸಿಕ್ಕಿಸುವ ಮೈಕನ್ನು ತಕ್ಕುದಲ್ಲದ ತಂತಿಯಿಂದ ಜೋಡಿಸಿದಾಗ, ಎಡಗಡೆ ಅಲೆಯು ಮೇಲಕ್ಕೇಳುವಾಗ ಬಲಗಡೆ ಅದೇ ಅಲೆಯು ಕೆಳಗಿಳಿಯುವಂತಾಗುವುದುಂಟು. ಎರಡು ಕಿವಿಗಳಿಗೆ ಎರಡಾಗಿ ಕೇಳುವಾಗ ತೊಂದರೆಯಿಲ್ಲ. ಒಂದೇ ಬಾಯಿಯ ಮೊಬೈಲು ಎರಡನ್ನೂ ಕೂಡಿಸಿದಾಗ, ಐದು ಹೆಜ್ಜೆ ಮುಂದಿಟ್ಟು ಐದು ಹೆಜ್ಜೆ ಹಿಂದಿಟ್ಟವನು ನಿಂತಲ್ಲಿಯೇ ಇರುವಂತೆ, ಉಳಿಯುವುದು ಸೊನ್ನೆ. ಎಡಗಡೆಯ ಧ್ವನಿಯೊಂದನ್ನೇ ಎರಡೂ ಕಡೆಗೆ ಕೊಟ್ಟು, ಬಲಗಡೆಯದನ್ನು ಬಿಟ್ಟುಬಿಟ್ಟರೆ ಮಾತು ಮರಳಿ ಬರುವುದು. ಒಂದೇ ಕಿವಿಯಲ್ಲಿ ಕೇಳುವ ಧ್ವನಿಗೂ ಇದೇ ಚಿಕಿತ್ಸೆ.

ಎಲ್ಲ ದೋಷಗಳಿಗೂ ಮದ್ದುಂಟೆಂದು ಹೇಳಿದರೆ ಅದು ಸತ್ಯವಾಗದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಕಲ್ಲನ್ನು ಅಗೆದು, ಪುಡಿಮಾಡಿ, ಚಿನ್ನವನ್ನು ಬೇರ್ಪಡಿಸುವರು. ಕಲ್ಲಿನಲ್ಲಿ ಚಿನ್ನವೇ ಇಲ್ಲದಿದ್ದರೆ ಯಾವ ಯಂತ್ರವೂ ಅದನ್ನು ತೆಗೆಯಲಾರದು. ಅದೇ ತಾಲ್ಲೂಕಿನ ಮುದಗಲ್ಲಿನ ಮೊಹರಮ್ಮು ಹೆಸರಾದುದು. ಅಲ್ಲಿಯ ಹಲಗೆಯ ಪಕ್ಕದಲ್ಲಿಯೇ ನಿಂತು ಮೊಬೈಲಿನಲ್ಲಿ ಹಿಡಿದರೆ, ಶಬ್ದವು ಯಂತ್ರದ ಮೇರೆಯನ್ನು ಮೀರಿ ಅಲೆಗಳ ತಲೆಯು ಕತ್ತರಿಸಿಹೋಗುವುದು. ಕೇಳಿದರೆ ಬರಿಯ ಗರಗರ. ಕತ್ತರಿಸಿಹೋದುದನ್ನು ಊಹೆಯಿಂದ ತೇಪೆ ಹಾಕುವ ಸಾಧನಗಳಿವೆ. ಮೊದಲಿನಂತೆ ಮಾಡಬಲ್ಲ ಸಾಧನವಿಲ್ಲ. ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲುವುದೇ ಅದಕ್ಕೆ ಮದ್ದು. ಹಾಗೆಯೇ ಹಳೆಯ ಎ.ಎಂ.ಆರ್. ಧ್ವನಿಯಲ್ಲಿ ಸೆಕೆಂಡಿಗೆ ೮,೦೦೦ ಅಳತೆಗಳಷ್ಟೇ ಇರುತ್ತಿದ್ದವು; ಟೆಲಿಫೋನಿನ ಧ್ವನಿಯಷ್ಟೇ ಅದರ ಅಗಲ. ಅದನ್ನು ೪೮,೦೦೦ಕ್ಕೆ ಪರಿವರ್ತಿಸಿದರೆ ತಂತ್ರಾಂಶವು ಓದಬಲ್ಲುದಾಗುವುದೇ ಹೊರತು, ಅಂದು ಹಿಡಿಯದೆ ಬಿಟ್ಟ ಬಳೆಯ ಸಣ್ಣ ಸದ್ದು ಈಗ ಬಾರದು. ಆದರೇನು? ಟೆಲಿಫೋನಿನಲ್ಲಿ ಮಾತನಾಡಿದ ಅಜ್ಜಿಯನ್ನು ನಾವು ಗುರುತಿಸುತ್ತಿರಲಿಲ್ಲವೇ? ಧ್ವನಿಯು ಬಡವಾಗಿದ್ದರೂ ಆಕೆಯದೇ.

ಸಂಕಲನವು ಮುಗಿದ ಬಳಿಕ ಚಿತ್ರವನ್ನು ಹೊರತೆಗೆಯುವಾಗ ಎಂ.ಪಿ.೪ ಪೆಟ್ಟಿಗೆ, ಎ.ಎ.ಸಿ. ಮಡಿಕೆ, ೪೮,೦೦೦ ಅಳತೆ ಇವನ್ನು ಆರಿಸಿದರೆ ಬಂಧುಗಳ ಮೊಬೈಲುಗಳಲ್ಲಿಯೂ ದೂರದರ್ಶನದ ಯಂತ್ರಗಳಲ್ಲಿಯೂ ತೊಂದರೆಯಿಲ್ಲದೆ ನಡೆಯುವುದು. ಕಳುಹಿಸುವ ಮೊದಲು ಒಂದು ಸಲ ಮೊಬೈಲಿನ ಬಾಯಿಯಿಂದಲೂ ಒಂದು ಸಲ ಕಿವಿಯಂತ್ರದಿಂದಲೂ ಮೊದಲಿನಿಂದ ಕೊನೆಯ ವರೆಗೆ ಕೇಳಿರಿ. ವಾಟ್ಸಾಪಿನಲ್ಲಿ ಚಲಚ್ಚಿತ್ರವಾಗಿ ಕಳುಹಿಸಿದರೆ ಅದು ಮತ್ತಷ್ಟು ಬಿಗಿಯಾಗಿ ಮಡಿಚಲ್ಪಟ್ಟು ಗುಣವು ಕುಂದುವುದು. ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಇದ್ದಂತೆಯೇ ಮುಟ್ಟುವುದು.

ಕಡೆಯದಾಗಿ ಮೂಲ ಫೈಲುಗಳ ವಿಚಾರ. ಅವನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡಬೇಕು: ಕಂಪ್ಯೂಟರಿನಲ್ಲಿ ಒಂದು, ಬೇರೆಯಾಗಿಡುವ ಡ್ರೈವಿನಲ್ಲಿ ಒಂದು. ಯಂತ್ರವು ತಾನಾಗಿ ಕೊಟ್ಟ ಅಂಕೆಗಳ ಹೆಸರನ್ನು ಹಾಗೆಯೇ ಬಿಡದೆ, ಯಾರ ಧ್ವನಿ, ಯಾವ ಊರು, ಯಾವ ವರ್ಷ, ಯಾವ ಪದ ಎಂಬುದನ್ನು ಹೆಸರಿನಲ್ಲಿಯೇ ಬರೆಯಬೇಕು. ಮಸ್ಕಿಯ ಬಂಡೆಯು ಪಂಡಿತರಿಗೆ ಅಷ್ಟು ಪ್ರಿಯವಾದದ್ದು ಅದರಲ್ಲಿ ಹೆಸರೊಂದು ಇದ್ದುದರಿಂದಲೇ ಎಂಬುದನ್ನು ನೆನೆಯಿರಿ. ಹೆಸರಿಲ್ಲದ ಧ್ವನಿಯು ಎರಡು ತಲೆಮಾರು ಕಳೆದರೆ ಮನೆಯವರಿಗೂ ಅಪರಿಚಿತವಾಗುವುದು.

ನಮ್ಮ ಎಷ್ಟೋ ಮನೆಗಳ ಅಲಮಾರಿನಲ್ಲಿ, ಹಳೆಯ ರಸೀದಿಗಳ ಕೆಳಗೆ, ಗುಂಡಿಯ ಮೊಬೈಲೊಂದು ಸುಮ್ಮನೆ ಬಿದ್ದಿರುವುದು. ಅದರ ಬ್ಯಾಟರಿಯು ಉಬ್ಬಿದ್ದರೆ ಅದಕ್ಕೆ ವಿದ್ಯುತ್ತನ್ನು ಕೊಡದೆ, ಒಳಗಿನ ಮೆಮೊರಿ ಕಾರ್ಡನ್ನು ಮಾತ್ರ ಬಿಡಿಸಿಕೊಂಡು ಕಂಪ್ಯೂಟರಿಗೆ ಹಾಕಿ ನೋಡಿರಿ. 'ಈ ಫೈಲನ್ನು ತೆರೆಯಲಾಗದು' ಎಂಬ ಸೂಚನೆಯು ಬಂದರೆ ಎದೆಗುಂದಬೇಡಿರಿ. ಆತುರಗಾರನಿಗೆ ಬುದ್ಧಿ ಮಟ್ಟವೆಂದು ನಮ್ಮ ಹಿರಿಯರು ಹೇಳಿರುವರು. ಪ್ರತಿಯನ್ನು ಮಾಡಿಕೊಂಡು, ಮೇಲೆ ಹೇಳಿದ ಕ್ರಮದಲ್ಲಿ ಒಂದೊಂದೇ ತೂಬನ್ನು ತೆರೆಯುತ್ತ ಬನ್ನಿರಿ. ಈ ಭಾನುವಾರದ ಮಧ್ಯಾಹ್ನವನ್ನು ಇದಕ್ಕಾಗಿ ತೆಗೆದಿಡುವ ಸೋದರ ಸೋದರಿಯರಿಗೆ ದೊರೆಯುವ ಫಲವು ಅವರ ಶ್ರಮಕ್ಕಿಂತ ದೊಡ್ಡದಾಗಿರಬಹುದು.